ಅತ್ತೆಗೊಂದು ಆಂಪ್ಲಿಫೈಯರ್ ಹುಡುಕಿದ್ದು

ನಮ್ಮ ಅತ್ತೆಯ ಮನೆಯಲ್ಲಿ ಫ್ರಿಜ್ಜಿಗೆ ಬಾಯಿ ಬಿಡುವ ಹಕ್ಕಿಲ್ಲ! ಫ್ಯಾನಿಗೂ ಇಲ್ಲ, ಟ್ಯೂಬ್‌ಲೈಟಿಗೂ ಇಲ್ಲ. ಗೋಡೆ ಗಡಿಯಾರವೊಂದು ಸುಮ್ಮನಿರಲಾರದೆ ಟಿಕ್ ಟಿಕ್ ಅಂದಿದ್ದಕ್ಕೆ ಅದನ್ನು ಟವೆಲ್ಲಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಟ್ಟುಬಿಟ್ಟರು. ಈಗ ಟೈಮು ನೋಡಬೇಕಾದರೆ ಅತ್ತೆ ಅಕ್ಕಿಗೆ ಕೈ ಹಾಕಬೇಕು.

ಯಾಕೆ ಅಂತೀರಾ? ಅತ್ತೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾರೆ. ಅವರು ನುಡಿಸುವಾಗ ಗಿಟಾರಿನ ದನಿಯೊಂದನ್ನು ಬಿಟ್ಟು ಲೋಕದಲ್ಲಿ ಮಿಕ್ಕಿದ್ದೆಲ್ಲ ತೆಪ್ಪಗಿರಬೇಕು. ಬೇಸಿಗೆಯಲ್ಲಿ ಬಂದ ನೆಂಟರು ಫ್ಯಾನಿಲ್ಲದೆ, ಲೈಟಿಲ್ಲದೆ, ಕುಡಿಯಲು ತಣ್ಣನೆ ನೀರೂ ಇಲ್ಲದೆ ಕೂತು ಕೇಳಿ, ಮುಖ ಒರೆಸಿಕೊಳ್ಳುತ್ತಾ ಎದ್ದು ಹೋಗುತ್ತಾರೆ.

"ನೋಡ್ದೇನೇ? ಅವರ ಕಣ್ಣಲ್ಲಿ ನೀರು ಬಂದ್ಬುಡ್ತು!" ಅನ್ನುತ್ತಾರೆ ಅತ್ತೆ.

ಅದು ಬೆವರು ಅಂತ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ನಮ್ಮದು ಕೆಸರೆಯಲ್ಲಿ ಕೆಳಗೊಂದು ಮೇಲೊಂದು ಮನೆ. ಕೆಳಗೆ ಅಪ್ಪ, ಅಮ್ಮ, ನಾನು. ಮೇಲೆ ಅಪ್ಪನ ಅಕ್ಕ, ಅಂದರೆ ಈ ಅತ್ತೆ, ಒಬ್ಬರೇ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, "ಟೈಮೇ ಸಿಗಲಿಲ್ಲ ಕಣೇ, ಒಂದರ ಹಿಂದೆ ಒಂದು ಬಸ್ಸು ಬರ್ತಿತ್ತು" ಅನ್ನುತ್ತಾರೆ. ಇದು ತಮಾಷೆಯ ಮಾತಲ್ಲ. ಅವರು ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಅನೌನ್ಸರ್ ಆಗಿದ್ದವರು. ಯಾವ ಬಸ್ ಸ್ಟ್ಯಾಂಡು ಅಂತ ಹೇಳುವುದಿಲ್ಲ, ಯಾರಿಗೆ ಬೇಕು ತಕರಾರು! ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಲ್ಲಿಗೆ ಹೊರಟಿದೆ ಅಂತ ಬೆಳಗಿನಿಂದ ಸಂಜೆಯವರೆಗೆ ಮೈಕಿನಲ್ಲಿ ಹೇಳುವುದು ಅವರ ಕೆಲಸ.

ಅತ್ತೆಯದು ನಿಜಕ್ಕೂ ಒಳ್ಳೆಯ ದನಿ. ಕಂಚಿನ ಗಂಟೆ ಹೊಡೆದ ಹಾಗೆ. ಆದರೆ ಆ ದನಿ ಮೈಕಿನೊಳಗೆ ಹೊಕ್ಕು, ತಂತಿ ಹಿಡಿದು ಹೋಗಿ, ಕಂಬದ ಮೇಲಿನ ತಗಡಿನ ಕೊಳವೆಯಿಂದ ಆಚೆ ಬರುವ ಹೊತ್ತಿಗೆ, ನೆಗಡಿಯಾದ ಕರಡಿಯೊಂದು ಬಾವಿಗೆ ಬಿದ್ದು ಕೂಗಿಕೊಂಡ ಹಾಗೆ ಆಗಿರುತ್ತಿತ್ತು. "ಚಾಮರಾಜನಗರ" ಅಂದರೂ "ಗೊರ್ರ್‌ನಗರ", "ಕೆ.ಆರ್. ನಗರ" ಅಂದರೂ "ಗೊರ್ರ್‌ನಗರ". ಒಂದು ಊರು ಈ ದಿಕ್ಕಿಗೆ, ಇನ್ನೊಂದು ಆ ದಿಕ್ಕಿಗೆ! ಮಗಳಿಗೆ ಗಂಡು ನೋಡಲು ಚಾಮರಾಜನಗರಕ್ಕೆ ಹೊರಟ ಯಜಮಾನರೊಬ್ಬರು ಈ ಗೊರ್ರ್‌ನಗರದ ಬಸ್ಸು ಹತ್ತಿ ಕೆ.ಆರ್. ನಗರದಲ್ಲಿ ಇಳಿದರಂತೆ. ಬಂದಿದ್ದು ಬಂದಾಯಿತು ಅಂತ ಅಲ್ಲೇ ನಾಲ್ಕು ಜನರನ್ನು ವಿಚಾರಿಸಿ, ಅಲ್ಲೇ ಒಂದು ಗಂಡು ಗೊತ್ತು ಮಾಡಿಕೊಂಡು ವಾಪಸ್ಸು ಬಂದರಂತೆ. ಆಮೇಲೆ ಲಗ್ನಪತ್ರಿಕೆ ಹಿಡಿದುಕೊಂಡು ಅತ್ತೆಯ ಗೂಡಿನ ಹತ್ತಿರವೇ ಬಂದು, "ಎಲ್ಲಾ ನಿಮ್ಮಿಂದಲೇ ಆಗಿದ್ದು ಕಣಮ್ಮ, ಬಂದು ಅಕ್ಷತೆ ಹಾಕಬೇಕು" ಅಂದರಂತೆ!

ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ಅತ್ತೆಗೆ ಮಾತ್ರ ಅವಮಾನವಾಯಿತು. "ನಾನು ಹೇಳಿದ್ದು ಒಂದೂ ಸರಿಯಾಗಿ ಆಚೆ ಬರಲಿಲ್ಲವಲ್ಲೇ" ಅಂತ ಈಗಲೂ ಕೊರಗುತ್ತಾರೆ.

ಅವರು ರಿಟೈರ್ ಆಗುವಾಗ ಡ್ರೈವರು, ಕಂಡಕ್ಟರುಗಳೆಲ್ಲ ಸೇರಿ "ಏನು ಬೇಕು ಕೇಳಿ ಮೇಡಂ" ಅಂದರು. ಬೆಳ್ಳಿ ದೀಪ ಕೇಳುತ್ತಾರೆ ಅಂತ ಅವರ ಎಣಿಕೆ. ಅತ್ತೆ ಎಲೆಕ್ಟ್ರಿಕ್ ಗಿಟಾರ್ ಕೇಳಿದರು. ಮ್ಯಾನೇಜರು ತಬ್ಬಿಬ್ಬಾಗಿ, "ಮೊಮ್ಮಕ್ಕಳಿಗಾ ಮೇಡಂ?" ಅಂದರು.

"ಮಕ್ಕಳೇ ಇಲ್ಲ, ಮೊಮ್ಮಕ್ಕಳು ಎಲ್ಲಿಂದ ಬರ್ತಾರ್ರೀ? ನಂಗೇ!"

ಎಷ್ಟೋ ವರ್ಷದಿಂದ ಅತ್ತೆ ಯಾರಿಗೂ ಹೇಳದೆ ಸಂಜೆ ಹೊತ್ತು ಮೇಷ್ಟರೊಬ್ಬರ ಹತ್ತಿರ ಸಾದಾ ಮರದ ಗಿಟಾರ್ ಕಲಿಯುತ್ತಿದ್ದರು ಅನ್ನುವುದು ನಮಗೆ ಗೊತ್ತಾದದ್ದು ಆವತ್ತೇ. ನಾವೆಲ್ಲ ದೇವಸ್ಥಾನಕ್ಕೆ ಹೋಗುತ್ತಾರೆ ಅಂದುಕೊಂಡಿದ್ದೆವು. "ಅಷ್ಟು ವರ್ಷ ಹೋದ್ರೂ ಒಂದಿನಾನೂ ಪ್ರಸಾದ ತರ್ಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು ನಂಗೆ" ಅಂದರು ಅಮ್ಮ.

ಹೊಸ ಗಿಟಾರಿನ ಜೊತೆಗೆ ಅಂಗಡಿಯವರು ಟಿಫನ್ ಕ್ಯಾರಿಯರ್‌ನಷ್ಟು ದೊಡ್ಡ ಒಂದು ಆಂಪ್ಲಿಫೈಯರ್ ಬಿಟ್ಟಿ ಕೊಟ್ಟಿದ್ದರು. ಎಲೆಕ್ಟ್ರಿಕ್ ಗಿಟಾರಿಗೆ ತನ್ನದೇ ಅಂತ ದೊಡ್ಡ ದನಿ ಇರುವುದಿಲ್ಲ ನೋಡಿ. ಈ ಪೆಟ್ಟಿಗೆಗೆ ವೈರು ಚುಚ್ಚಿದರೆ ಮಾತ್ರ ಅದು ಲೋಕಕ್ಕೆ ಕೇಳಿಸುವುದು. ಅತ್ತೆ ದೇವರಿಗೆ ಕೈ ಮುಗಿದು, ವೈರು ಚುಚ್ಚಿ, ಮೊದಲ ತಂತಿ ಮೀಟಿದರು.

"ಅಕ್ಕಾ! ಇಷ್ಟೊತ್ತಿನಲ್ಲಿ ಯಾಕೆ ಮಿಕ್ಸಿ ಹಾಕಿದ್ದೀಯ?" ಅಂತ ಕೆಳಗಿನಿಂದ ಅಪ್ಪನ ಕೂಗು ಬಂತು.

ಅಪ್ಪನ ಕೂಗು ಅಂದರೆ ಸಾಮಾನ್ಯವಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲು ಅದು. ಅಪ್ಪ ಫೋನಿನಲ್ಲಿ ಮಾತಾಡಿದರೆ ಫೋನಿನ ಅಗತ್ಯವೇ ಇರಲಿಲ್ಲ. ತರಕಾರಿ ಗಾಡಿಯವನನ್ನು ಕರೆದರೆ ಪಕ್ಕದ ಬೀದಿಯ ಗಾಡಿಯವನೂ ಬರುತ್ತಿದ್ದ. ಅಂಥ ದನಿಯಲ್ಲಿ ಅಕ್ಕನ ಗಿಟಾರನ್ನು ಮಿಕ್ಸಿ ಅಂದದ್ದು ಇಡೀ ಬೀದಿಗೆ ಕೇಳಿಸಿತು. ಅತ್ತೆ ದಡದಡ ಮೆಟ್ಟಿಲಿಳಿದು ಬಂದರು.

"ತಮ್ಮಯ್ಯ, ಇದು ಗಿಟಾರಿನ ತಪ್ಪಲ್ಲ, ಪೆಟ್ಟಿಗೆಯದು. ನಂಗೆ ಕ್ಲೀನ್ ಟೋನ್ ಬೇಕು."

"ಕ್ಲೀನಾಗಿಲ್ವಾ? ಕೊಡು ಇಲ್ಲಿ, ಒದ್ದೆ ಬಟ್ಟೆ ತಗೊಂಡು ಒರಸಿಕೊಡ್ತೀನಿ" ಅಂದರು ಅಪ್ಪ.

ಅತ್ತೆ ತಲೆ ಚಚ್ಚಿಕೊಂಡು ನಮಗೆಲ್ಲ ಪಾಠ ಮಾಡಿದರು. "ಕ್ಲೀನ್ ಟೋನ್ ಅಂದ್ರೆ, ಒಂದು ತಂತಿ ಮೀಟಿದ್ರೆ ಆ ತಂತೀದು ಮಾತ್ರ ದನಿ ಬರಬೇಕು. ಅದರ ಬೀಗರು, ನೆಂಟರು, ಪಕ್ಕದ ಮನೆಯವರು ಎಲ್ಲಾ ಜೊತೇಲಿ ಬಂದ್ಬುಡಬಾರದು. ತಿಳೀತಾ?"

ಹೀಗೆ ಶುರುವಾಯಿತು ಹುಡುಕಾಟ. ಅತ್ತೆಗೆ ಸ್ಕೂಟರ್ ಬರುವುದಿಲ್ಲ, ನನಗೆ ಬರುತ್ತದೆ. ಆದ್ದರಿಂದ ಆ ವರ್ಷದ ನನ್ನ ಶನಿವಾರಗಳೆಲ್ಲ ಅತ್ತೆಯವಾದವು. ಬೆನ್ನಿಗೆ ಗಿಟಾರ್ ಕಟ್ಟಿಕೊಂಡು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಹಿಂದೆ ಕೂತರೆ, ಸಿಗ್ನಲ್ಲಿನಲ್ಲಿ ಜನ ಹಸಿರು ದೀಪ ಬಂದರೂ ಹೊರಡುತ್ತಿರಲಿಲ್ಲ.

ದೇವರಾಜ ಮೊಹಲ್ಲಾದಲ್ಲಿ ಮ್ಯೂಸಿಕ್ ಅಂಗಡಿಯೊಂದಿದೆ. ಯಜಮಾನರು ಬಹಳ ತಾಳ್ಮೆಯವರು. ಅಂದರೆ, ಅತ್ತೆ ಮೊದಲನೇ ಸಲ ಹೋದಾಗ ತಾಳ್ಮೆಯವರಾಗಿದ್ದರು.

"ಫ್ಯಾನ್ ಆಫ್ ಮಾಡಿ" ಅಂದರು ಅತ್ತೆ ಒಳಗೆ ಕಾಲಿಟ್ಟವರೇ. ಮಾಡಿದರು. "ಟ್ಯೂಬ್‌ಲೈಟು ಗುಂಯ್ ಅಂತಿದೆ." ಅದನ್ನೂ ಆರಿಸಿದರು. ಕತ್ತಲೆಯಲ್ಲಿ ಅತ್ತೆ ಕಿವಿ ನಿಮಿರಿಸಿ, "ಎಲ್ಲೋ ಕರಕರ ಅಂತಿದೆಯಲ್ಲ?" ಅಂದರು.

"ಅದು ಪಕ್ಕದ ಜ್ಯೂಸ್ ಅಂಗಡಿ ಮೇಡಂ. ನಮ್ಮದಲ್ಲ."

"ಒಂದೈದು ನಿಮಿಷ ನಿಲ್ಲಿಸಕ್ಕೆ ಹೇಳಿ."

ಹೇಳಿದರು! ಪಾಪ, ಜ್ಯೂಸ್ ಅಂಗಡಿಯವರು ಮಿಕ್ಸಿ ನಿಲ್ಲಿಸಿ, ಗಿರಾಕಿಗಳ ಸಮೇತ ಇಲ್ಲಿಗೇ ಬಂದು ಬಾಗಿಲಲ್ಲಿ ನಿಂತರು. ಅರ್ಧ ಅರೆದ ಸಪೋಟ ಅಲ್ಲಿ ಕಾಯುತ್ತಿತ್ತು.

ಯಜಮಾನರು ಮೊದಲು ಕರಿಯ ಬಣ್ಣದ ಒಂದು ದೊಡ್ಡ ಪೆಟ್ಟಿಗೆ ತೋರಿಸಿ ಗುಂಡಿ ತಿರುಗಿಸಿದರು. "ಇದು ಮೆಟಲ್ ಟೋನ್ ಮೇಡಂ. ಹುಡುಗರೆಲ್ಲ ಇದಕ್ಕೆ ಪ್ರಾಣ ಬಿಡ್ತಾರೆ." ಅತ್ತೆ ತಂತಿ ಮೀಟಿದರು. ಗೊರ್ರ್‌ರ್‌ರ್ ಅಂತ ಒಂದು ಸದ್ದು ಬಂತು ನೋಡಿ, ಕಪಾಟಿನ ಮೇಲಿದ್ದ ಕೊಳಲೊಂದು ಉರುಳಿ ಬಿತ್ತು.

ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಇದು ನಂಗೆ ಚೆನ್ನಾಗಿ ಗೊತ್ತು ಕಣ್ರೀ. ಮೂವತ್ತು ವರ್ಷ ಇದರಲ್ಲೇ ಕೆಲಸ ಮಾಡಿದ್ದೀನಿ. ಇದನ್ನ ಜನ ದುಡ್ಡು ಕೊಟ್ಟು ತಗೋತಾರಾ?" ಅಂದರು.

ಕೊನೆಗೆ ಎರಡು ಪೆಟ್ಟಿಗೆಗಳು ಉಳಿದವು. ಒಂದು ಕೆನೆ ಬಣ್ಣದ್ದು, ಸಾದಾ. ಮೂರೇ ಗುಂಡಿ. ಅದರ ದನಿ ಮಾತ್ರ, ಆಹಾ! ಬೆಳಗ್ಗೆ ಮಡಕೆ ನೀರಿಗೆ ಲೋಟ ಅದ್ದಿದಂಥ ದನಿ. ಇನ್ನೊಂದು ಬೂದು ಬಣ್ಣದ್ದು. ಅದರ ಮೈತುಂಬ ಗುಂಡಿ, ದೀಪ, ತೂತು. ನೂರೆಂಟು ತರಹದ ಸದ್ದು ಮಾಡುತ್ತದೆ. "ಇದು ವರ್ಸಟೈಲ್ ಮೇಡಂ. ಏನು ಕೇಳಿದ್ರೂ ಇಲ್ಲ ಅನ್ನಲ್ಲ" ಅಂದರು ಯಜಮಾನರು. ಆದರೆ ಅದರ ಕ್ಲೀನ್ ಟೋನಿನಲ್ಲಿ ಒಂದು ಚೂರು, ಒಂದೇ ಒಂದು ಚೂರು, ಮೂಗು ಕಟ್ಟಿದ ಹಾಗಿತ್ತು. ನನಗೆ ಕೇಳಿಸಲಿಲ್ಲ. ಯಜಮಾನರಿಗೂ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು.

"ಇದಕ್ಕೆ ಎಲ್ಲಾ ಕೆಲಸ ಬರುತ್ತೆ, ಹಾಡೋದು ಸುಮಾರು. ಅದಕ್ಕೆ ಹಾಡೋದು ಬಿಟ್ಟರೆ ಇನ್ನೇನೂ ಬರಲ್ಲ. ಯೋಚನೆ ಮಾಡಿ ಬರ್ತೀನಿ" ಅಂದರು ಅತ್ತೆ.

ಈ "ಯೋಚನೆ ಮಾಡಿ ಬರ್ತೀನಿ" ಎಷ್ಟು ಶನಿವಾರ ನಡೆಯಿತೋ ದೇವರೇ ಬಲ್ಲ. ಶುರುವಿನಲ್ಲಿ ಯಜಮಾನರು ಟೀ ತರಿಸುತ್ತಿದ್ದರು. ಆಮೇಲೆ ಬರೀ ನೀರು ಕೊಟ್ಟರು. ಕೊನೆಕೊನೆಗೆ ನಮ್ಮ ಸ್ಕೂಟರ್ ನಿಂತ ಸದ್ದಿಗೆ ಡೋಲುಗಳ ಹಿಂದೆ ಹೋಗಿ ಕೂರಲು ಶುರು ಮಾಡಿದರು. ಅತ್ತೆ ಬಿಡಬೇಕಲ್ಲ! "ಯಾರೋ ಮೂಗಿನಲ್ಲಿ ಉಸಿರಾಡ್ತಿದ್ದಾರೆ, ಎಡಗಡೆ ಎರಡನೇ ಡೋಲಿನ ಹಿಂದೆ" ಅಂತ ಕಿವಿಯಲ್ಲೇ ಪತ್ತೆ ಹಚ್ಚುತ್ತಿದ್ದರು.

ಈ ನಡುವೆ ನಾನೊಂದು ಅಧಿಕಪ್ರಸಂಗ ಮಾಡಿದೆ. ನಾನು ಕೆಲಸ ಮಾಡುವುದು ಕಡಕೊಳದ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ. ಅಲ್ಲೇ ಊರೊಳಗೆ, ಹಿಂದೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಹಿರಿಯರೊಬ್ಬರಿದ್ದಾರೆ, ಅವರ ಹತ್ತಿರ ಹಳೇ ಕಾಲದ ವಾಲ್ವ್ ಆಂಪ್ಲಿಫೈಯರ್ ಇದೆ ಅಂತ ಯಾರೋ ಹೇಳಿದರು. ಅದನ್ನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳದೆ ಅತ್ತೆಗೆ ಹೇಳಿದೆ. ಮುಂದಿನ ಭಾನುವಾರವೇ ಹೊರಟೆವು.

ಹಿರಿಯರು ಪೆಟ್ಟಿಗೆ ತೋರಿಸಿದರು. ಪೆಟ್ಟಿಗೆಯೇ ಅದು? ಸಣ್ಣ ಬೀರು! ಒಳಗೆ ಗಾಜಿನ ಬುರುಡೆಗಳು, ಹಿಂಭಾಗಕ್ಕೆ ಹಲಗೆಯೇ ಇಲ್ಲ. ಸ್ವಿಚ್ ಹಾಕಿದರೆ ತಕ್ಷಣ ಮಾತಾಡುವುದಿಲ್ಲ. "ಬಿಸಿ ಆಗಬೇಕಮ್ಮ, ಕಾಯಬೇಕು" ಅಂದರು. ಕಾದೆವು. ಕಾಫಿ ಕುಡಿದೆವು. ಬುರುಡೆಗಳು ಮೆಲ್ಲಗೆ ಕೆಂಪಾದವು. ಅತ್ತೆ ಒಂದು ತಂತಿ ಮೀಟಿದರು, ಅಷ್ಟೇ. ಅಲ್ಲಿಗೆ ಮುಗಿಯಿತು. ಅವರ ಮುಖದಲ್ಲಿ, ಚಾಮರಾಜನಗರದ ಬಸ್ಸು ಕೊನೆಗೂ ಚಾಮರಾಜನಗರಕ್ಕೇ ಹೋಗಿ ತಲುಪಿದಂಥ ಸಮಾಧಾನ!

"ಒಂದು ವಾರ ಮನೇಲಿಟ್ಟುಕೊಂಡು ನೋಡಿ, ಹಿಡಿಸಿದ್ರೆ ಮಾತಾಡೋಣ" ಅಂದರು ಆ ದೊಡ್ಡ ಮನುಷ್ಯರು.

ಲಗೇಜ್ ಆಟೊ ಬಂತು. ಎತ್ತಿ ಇಟ್ಟ ಇಬ್ಬರು "ಏನಮ್ಮಾ, ಒಳಗೆ ಕಲ್ಲು ಇಟ್ಟಿದ್ದೀರಾ?" ಅಂತ ಬೈದುಕೊಂಡರು. ಅತ್ತೆ ಹಿಂದೆಯೇ ಕೂತು ಅದನ್ನು ತಬ್ಬಿಕೊಂಡು ಕಡಕೊಳದಿಂದ ಕೆಸರೆಯವರೆಗೆ ಬಂದರು. ಮನೆಯಲ್ಲಿ ಅಪ್ಪ ಬೀದಿಯ ನಾಲ್ಕು ಜನರನ್ನು ಕೂಗಿ ಕರೆದು, "ಐಸಾ!" ಅಂತ ಹೇಳಿಕೊಡುತ್ತಾ, ತಾವು ಮಾತ್ರ ಒಂದು ಬೆರಳೂ ತಾಗಿಸದೆ, ಮೇಲಕ್ಕೆ ಹತ್ತಿಸಿದರು.

ಅತ್ತೆ ಫ್ರಿಜ್ಜು, ಫ್ಯಾನು, ಲೈಟು ಎಲ್ಲಾ ಆರಿಸಿದರು. ನಾವೆಲ್ಲ ಸಾಲಾಗಿ ಕೂತೆವು. ಬುರುಡೆಗಳು ಬಿಸಿಯಾಗತೊಡಗಿದವು. ಅತ್ತೆ ಇನ್ನೂ ಗಿಟಾರ್ ಮುಟ್ಟಿಲ್ಲ, ಒಳಗಿನಿಂದ ಸಣ್ಣಗೆ "ಊಂ..." ಅಂತ ಒಂದು ದನಿ.

"ನಾಯ್ಸ್ ಬರ್ತಿದೆಯಲ್ಲ?" ಅತ್ತೆಯ ಹುಬ್ಬು ಗಂಟಾಯಿತು. ಒಂದು ಗುಂಡಿ ತಗ್ಗಿಸಿದರು. "ಊಂಆಂ..." ಇನ್ನೊಂದು ಗುಂಡಿ ತಗ್ಗಿಸಿದರು. ದನಿ ಜೋರಾಯಿತು. ವೈರು ಕಿತ್ತು ಬೇರೆ ವೈರು ಚುಚ್ಚಿದರು. "ಮಿಆಂವ್!"

"ಅಕ್ಕಾ, ಇದು ನಾಯ್ಸ್ ಅಲ್ಲ ಕಣಕ್ಕ!" ಅಂತ ಅಪ್ಪ ಕೂಗುವುದಕ್ಕೂ, ಪೆಟ್ಟಿಗೆಯ ಹಿಂದಿನಿಂದ ಬೂದು ಬಣ್ಣದ ಒಂದು ಬೆಕ್ಕು ಹಾರಿ ಅಮ್ಮನ ಮಡಿಲಿಗೆ ಬೀಳುವುದಕ್ಕೂ ಸರಿಹೋಯಿತು. ಅಮ್ಮ ಚೀರಿದ್ದಕ್ಕೆ ಬೆಕ್ಕು ಇನ್ನೂ ಹೆದರಿ ಅಪ್ಪನ ಹೆಗಲಿಗೆ ಹಾರಿತು. ಬೆಚ್ಚಗಿರುತ್ತದೆ ಅಂತ ಅದು ಆ ಪೆಟ್ಟಿಗೆಯೊಳಗೇ ಮಲಗುವ ಅಭ್ಯಾಸ ಮಾಡಿಕೊಂಡಿತ್ತಂತೆ. ಹಾಯಾಗಿ ನಿದ್ದೆ ಮಾಡುತ್ತಾ ಕಡಕೊಳದಿಂದ ನಮ್ಮನೆಯವರೆಗೆ ಸವಾರಿ ಬಂದಿದೆ!

ಸಂಜೆ ಹಿರಿಯರ ಹೆಂಡತಿಯ ಫೋನು ಬಂತು. "ಪೆಟ್ಟಿಗೆ ಬೇಕಾದ್ರೆ ನಿಮ್ಮ ಹತ್ರಾನೇ ಇರಲಿ ಕಣಮ್ಮ, ನಮ್ಮ ಬೆಕ್ಕು ಕಳಿಸಿಬುಡಿ" ಅಂತ. ಆದರೆ ಪೆಟ್ಟಿಗೆಯೂ ಉಳಿಯಲಿಲ್ಲ. ಅದನ್ನು ಹಾಕಿದಾಗಲೆಲ್ಲ ಮೇಲೆ ಕೆಳಗೆ ಎರಡೂ ಮನೆಯ ಕರೆಂಟು ಹೋಗುತ್ತಿತ್ತು. ಅಮ್ಮ ರುಬ್ಬುತ್ತಿದ್ದ ದೋಸೆ ಹಿಟ್ಟು ಸತತ ಮೂರು ಸಲ ಅರ್ಧಕ್ಕೆ ನಿಂತ ಮೇಲೆ, "ಅಕ್ಕ, ಈ ಮನೇಲಿ ಒಂದೋ ಇದು ಹಾಡಬೇಕು, ಇಲ್ಲ ನೀವು ದೋಸೆ ತಿನ್ನಬೇಕು. ಯಾವುದು ಹೇಳಿ" ಅಂದರು. ಅತ್ತೆ ಬಹಳ ಹೊತ್ತು ಯೋಚಿಸಿ ದೋಸೆ ಆರಿಸಿಕೊಂಡರು.

ಮತ್ತೆ ಮೊಹಲ್ಲಾಗೆ ಹೋದೆವು. ನಮ್ಮನ್ನು ಕಂಡದ್ದೇ ಯಜಮಾನರು ಕೈ ಮುಗಿದರು. "ಮೇಡಂ, ಎರಡನ್ನೂ ಮನೆಗೆ ತಗೊಂಡು ಹೋಗಿ. ಕೆನೆ ಬಣ್ಣದ್ದೂ ತಗೊಂಡು ಹೋಗಿ, ಬೂದು ಬಣ್ಣದ್ದೂ ತಗೊಂಡು ಹೋಗಿ. ತೀರ್ಮಾನ ಆದಮೇಲೆ ಒಂದನ್ನ ವಾಪಸ್ಸು ಕೊಡಿ. ದಯವಿಟ್ಟು ಜ್ಯೂಸ್ ಅಂಗಡಿಯವರ ಹೊಟ್ಟೆ ಮೇಲೆ ಮಾತ್ರ ಹೊಡೀಬೇಡಿ."

ಹೀಗೆ ಎರಡೂ ಪೆಟ್ಟಿಗೆಗಳು ಮೇಲಿನ ಮನೆಯಲ್ಲಿ ಅಕ್ಕಪಕ್ಕ ಕೂತವು. ಮನೆಯವರೆಲ್ಲ ತೀರ್ಪುಗಾರರು. ಅಪ್ಪನಿಗೆ ಬೂದು ಪೆಟ್ಟಿಗೆಯೇ ಇಷ್ಟವಾಯಿತು, ಒತ್ತಲು ಬೇಕಾದಷ್ಟು ಗುಂಡಿಗಳಿದ್ದವಲ್ಲ! ದನಿಗೆ ಗುಂಗು ಕೊಡುವ ಗುಂಡಿಯೊಂದರ ಸುತ್ತ ರೂಮ್, ಹಾಲ್ ಅಂತೆಲ್ಲ ಬರೆದಿತ್ತು.

"ಏನಕ್ಕ ಇದು, ರೂಮು, ಹಾಲು ಎಲ್ಲಾ ಇದೆ. ಅಡಿಗೆ ಮನೆ ಎಲ್ಲಿ?"

"ಅದು ದನಿ ಎಂಥಾ ಜಾಗದಲ್ಲಿ ಕೇಳಿಸಿದ ಹಾಗಿರಬೇಕು ಅಂತ ಕಣೋ. ಹಾಲ್ ಅಂದ್ರೆ ದೊಡ್ಡ ಹಾಲಿನಲ್ಲಿ ನುಡಿಸಿದ ಹಾಗೆ."

"ಅಂಗಾದ್ರೆ ಬಚ್ಚಲುಮನೆಗೆ ತಿರುಗಿಸು. ನಾನು ಅಲ್ಲೇ ಚೆನ್ನಾಗಿ ಹಾಡೋದು."

ಅತ್ತೆ ಗುಂಡಿಯನ್ನು ಎಲ್ಲಿಗೋ ತಿರುಗಿಸಿ ನಾಲ್ಕು ಸ್ವರ ಮೀಟಿದರು. ಅಪ್ಪ ಗಟ್ಟಿಯಾಗಿ ಹಾಡತೊಡಗಿದರು. ಅತ್ತೆಗೆ ನಗು ತಡೆಯಲಾಗದೆ ಗಿಟಾರ್ ಕೈಜಾರಿತು. ಅರವತ್ತರ ಆಸುಪಾಸಿನವರು ಇಬ್ಬರೂ, ಚಿಕ್ಕಂದಿನಲ್ಲಿ ಊರ ಕೆರೆಯಲ್ಲಿ ಈಜಿದಾಗ ಹೀಗೇ ನಕ್ಕಿರಬೇಕು ಅನ್ನಿಸಿತು ನನಗೆ. ಆದರೂ ಎಲ್ಲಾ ಮುಗಿದ ಮೇಲೆ ಅತ್ತೆ ಕೆನೆ ಬಣ್ಣದ್ದರ ಮೇಲೆ ಕೈಯಿಟ್ಟು, "ನಂಗೆ ಇದೇ ಸಾಕು. ಒಂದು ಮಾತಾಡಿದ್ರೂ ಸರಿಯಾಗಿ ಆಡುತ್ತೆ" ಅಂದರು. ಅಬ್ಬ, ತೀರ್ಮಾನವಾಯಿತು! ಮುಂದಿನ ಶನಿವಾರ ಹೋಗಿ ಹೇಳುವುದೊಂದೇ ಬಾಕಿ.

ಆ ಶನಿವಾರ ನಾವು ಮೊಹಲ್ಲಾಗೆ ಹೋಗಲಿಲ್ಲ. ಆಸ್ಪತ್ರೆಗೆ ಹೋದೆವು.

ಬಚ್ಚಲುಮನೆ ಹಾಡಿನ ನಂತರ ಅಪ್ಪನ ಗಂಟಲು ಕಟ್ಟಿಕೊಂಡಿತ್ತು. ಮೆಣಸಿನ ಕಷಾಯ, ಬಿಸಿನೀರು, ಉಪ್ಪು ಎಲ್ಲಾ ಆಯಿತು, ಬಿಡಲಿಲ್ಲ. ಗಂಟಲಿನಲ್ಲಿ ಗಂಟೊಂದಿದೆ ಅಂದರು ಡಾಕ್ಟರು. ಕೆಟ್ಟ ಗಂಟಲ್ಲ, ಆದರೆ ತೆಗೆಯಲೇಬೇಕು. ತೆಗೆದರು. ಅಪ್ಪ ಚೆನ್ನಾಗಿಯೇ ಮನೆಗೆ ಬಂದರು. ಬಾರದೆ ಉಳಿದದ್ದು ಅವರ ದನಿ ಮಾತ್ರ. "ಮೊದಲಿನ ಹಾಗಾಗೋದು ಕಷ್ಟ. ಗಟ್ಟಿಯಾಗಿ ಕೂಗೋಕೆ ಹೋಗಬೇಡಿ, ಮೆಲ್ಲಗೆ ಮಾತಾಡಿ, ಸಾಕು" ಅಂದಿದ್ದರು ಡಾಕ್ಟರು. ಮೆಲ್ಲಗೆ ಅಂದರೆ ಎಷ್ಟು ಮೆಲ್ಲಗೆ! ಒಣಗಿದ ಎಲೆ ನೆಲದ ಮೇಲೆ ಸರಿದ ಹಾಗೆ.

ಮೊದಮೊದಲು ಅದರಲ್ಲೂ ನಗುವುದಕ್ಕೆ ಸಿಗುತ್ತಿತ್ತು. ತರಕಾರಿ ಗಾಡಿಯವನನ್ನು ಕರೆಯಲಿ ಅಂತ ಅಮ್ಮ ಅಪ್ಪನಿಗೆ ಸ್ಟೀಲ್ ತಟ್ಟೆ, ಸೌಟು ಕೊಟ್ಟರು. ಅಪ್ಪ ಗೇಟಿನ ಹತ್ತಿರ ನಿಂತು ಬಡಿದದ್ದೇ ಬಡಿದದ್ದು. ಎದುರು ಮನೆಯ ಅಜ್ಜಿ ಗಾಬರಿಯಿಂದ ಆಚೆ ಬಂದು, "ಗ್ರಹಣ ಯಾವಾಗಪ್ಪ ಹಿಡೀತು? ಊಟ ಮಾಡ್ಬುಟ್ಟೆನಲ್ಲ!" ಅಂದರು. ಉಪ್ಪು ಬೇಕು ಅಂತ ಅಪ್ಪ ಕೈಸನ್ನೆ ಮಾಡಿದರೆ ಅಮ್ಮ ಕನ್ನಡಕ ತಂದುಕೊಡುತ್ತಿದ್ದರು.

ಬರಬರುತ್ತಾ ಅಪ್ಪ ಸನ್ನೆ ಮಾಡುವುದನ್ನೂ ಬಿಟ್ಟರು. ಒಂದು ನಾಮಕರಣಕ್ಕೆ ಎಲ್ಲರೂ ಹೋಗಿದ್ದೆವು. ಊಟವಾದ ಮೇಲೆ ನೆಂಟರೆಲ್ಲ ಸುತ್ತ ಕೂತಿದ್ದಾಗ ಅಪ್ಪ ಹಳೆಯ ಕಥೆಯೊಂದನ್ನು ಹೇಳಲು ಶುರು ಮಾಡಿದರು. ಹಿಂದೆಲ್ಲ ಅಪ್ಪ ಬಾಯಿ ತೆರೆದರೆ ಮಿಕ್ಕವರು ಮುಚ್ಚುತ್ತಿದ್ದರು. ಈಗ ಪಕ್ಕದವರಿಗೂ ಕೇಳಿಸಲಿಲ್ಲ. ಅವರ ಮಾತಿನ ಮೇಲೆಯೇ ಯಾರೋ ಸೈಟಿನ ವಿಚಾರ ತೆಗೆದರು, ಇನ್ನಾರೋ ಜೋರಾಗಿ ನಕ್ಕರು. ಅಪ್ಪ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ, ಬಾಳೆಹಣ್ಣು ಸುಲಿಯುತ್ತಾ ಕೂತರು. ಹಾಗೆ ನಿಲ್ಲಿಸಿದ್ದೂ ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಮಾತ್ರ ಎದುರಿನ ಕುರ್ಚಿಯಿಂದ ಅವರನ್ನೇ ನೋಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಅತ್ತೆ ಎರಡೂ ಪೆಟ್ಟಿಗೆಗಳನ್ನು ಆಟೊಗೆ ಹಾಕಿಸಿದರು. "ನಡಿಯೇ, ಮೊಹಲ್ಲಾಗೆ. ತಮ್ಮಯ್ಯ, ನೀನೂ ಹತ್ತು."

ಅಪ್ಪ ನಾನ್ಯಾಕೆ ಅನ್ನುವಂತೆ ಕೈ ಆಡಿಸಿದರು. "ಹತ್ತು ಅಂದ್ರೆ ಹತ್ತು" ಅಂದರು ಅತ್ತೆ. ಹತ್ತಿದರು.

ಯಜಮಾನರು ಪಾಪ, ನಮ್ಮನ್ನು ನೋಡಿದವರೇ ಯಾರೂ ಹೇಳದೆ ತಾವೇ ಫ್ಯಾನು ಆರಿಸಿ, ಲೈಟು ಆರಿಸಿ, ಜ್ಯೂಸ್ ಅಂಗಡಿಗೂ ಕೂಗಿ ಹೇಳಿದರು. ಅತ್ತೆ ಗಿಟಾರನ್ನು ತಂದೇ ಇರಲಿಲ್ಲ. ಕೆನೆ ಬಣ್ಣದ ಪೆಟ್ಟಿಗೆಯನ್ನು ಒಂದು ಸಲ ಮಗುವಿನ ತಲೆ ಸವರಿದ ಹಾಗೆ ಸವರಿ ಪಕ್ಕಕ್ಕೆ ಸರಿಸಿದರು. ಬೂದು ಪೆಟ್ಟಿಗೆಯ ಮುಂದೆ ಕೂತು ಕೇಳಿದರು.

"ಇದರಲ್ಲಿ ಮೈಕ್ ಚುಚ್ಚೋಕೆ ಆಗುತ್ತಾ?"

"ಓ, ಆಗುತ್ತೆ ಮೇಡಂ. ಗಿಟಾರಿಗೆ ಬೇರೆ, ಮೈಕಿಗೆ ಬೇರೆ. ಎರಡೂ ಒಟ್ಟಿಗೇ ಹಾಕಬಹುದು."

"ಒಂದು ಮೈಕ್ ಕೊಡಿ."

ಮೈಕ್ ಬಂತು. ಅತ್ತೆ ಅದನ್ನು ಅಪ್ಪನ ಕೈಗೆ ಕೊಟ್ಟರು. "ಮಾತಾಡೋ."

ಅಪ್ಪ ತಲೆಯಾಡಿಸಿದರು. ಎದುರಿಗೆ ಯಜಮಾನರು, ಬಾಗಿಲಲ್ಲಿ ಜ್ಯೂಸ್ ಅಂಗಡಿಯವರು, ಅವರ ಗಿರಾಕಿಗಳು. ಆ ಒಣ ಎಲೆಯ ದನಿಯನ್ನು ಇಷ್ಟು ಜನರ ಮುಂದೆ ಆಚೆ ತೆಗೆಯಲು ಅವರಿಗೆ ನಾಚಿಕೆ.

"ಏನಾದ್ರೂ ಅನ್ನು ತಮ್ಮಯ್ಯ. ಬೈಯಿ ಬೇಕಾದ್ರೆ."

ಅಪ್ಪ ಮೈಕನ್ನು ಬಾಯಿಯ ಹತ್ತಿರ ತಂದರು. ತುಟಿ ಅಲುಗಿತು. "ಅಕ್ಕ, ನಿಂಗೆ ಹುಚ್ಚು ಹಿಡಿದಿದೆ."

ಅಷ್ಟೂ ಅಕ್ಷರ ಸ್ಪಷ್ಟವಾಗಿ, ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಕೇಳಿಸಿತು! ಬಾಗಿಲಲ್ಲಿದ್ದವರು ನಕ್ಕರು. ಅಪ್ಪ ಬೆಚ್ಚಿ ಮೈಕ್ ನೋಡಿದರು, ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ತಮ್ಮ ಮಾತಿಗೆ ಜನ ನಕ್ಕು ಎಷ್ಟು ದಿನವಾಗಿತ್ತೋ! ಇನ್ನೊಮ್ಮೆ ಮೈಕಿಗೆ ಬಾಗಿದರು. "ಬೆಕ್ಕು ಇದೆಯಾ ನೋಡಿ ಒಳಗೆ."

ಈ ಸಲ ಯಜಮಾನರೂ ನಕ್ಕರು. ಏನು ಬೆಕ್ಕು, ಎಂಥ ಬೆಕ್ಕು ಅಂತ ಜ್ಯೂಸ್ ಅಂಗಡಿಯವರು ಕೇಳಿದರು. ಅಪ್ಪ ಸ್ಟೂಲ್ ಎಳೆದುಕೊಂಡು ಕೂತು ಕಡಕೊಳದ ಕಥೆ ಶುರು ಮಾಡಿದರು. ಅತ್ತೆ ಪೆಟ್ಟಿಗೆಯ ಮುಂದೆ ನೆಲದ ಮೇಲೇ ಕೂತು, ತಲೆ ತಗ್ಗಿಸಿ ಗುಂಡಿಗಳನ್ನು ತಿರುಗಿಸುತ್ತಲೇ ಇದ್ದರು. ಒಂದಿಷ್ಟು ಏರಿಸುವುದು, ಕೇಳುವುದು, ಒಂದಿಷ್ಟು ಇಳಿಸುವುದು. ಗಂಟಲಿನ ಆ ಕರಕರ ಮೆಲ್ಲಮೆಲ್ಲಗೆ ಕಡಿಮೆಯಾಗಿ, ಅದರ ಅಡಿಯಲ್ಲಿ ಎಲ್ಲೋ ಅಪ್ಪನ ದನಿಯೇ ಇಣುಕಿದ ಹಾಗಾ‍ಯಿತು.

"ಮೇಡಂ, ಗಿಟಾರ್ ಹಾಕಿ ಕ್ಲೀನ್ ಟೋನ್ ನೋಡಲ್ವಾ? ನಮ್ಮದೇ ಒಂದು ಗಿಟಾರ್ ಕೊಡ್ತೀನಿ" ಅಂದರು ಯಜಮಾನರು.

"ಅದಿರಲಿ ಬುಡಿ. ಮೊದಲು ಇವನ್ದು ಕ್ಲೀನಾಗಲಿ" ಅಂದರು ಅತ್ತೆ. ಮತ್ತೊಂದು ಗುಂಡಿಗೆ ಕೈ ಹಾಕಿದರು.

ಕಥೆ ಮುಗಿದು, ಜನ ಚದುರಿ, ಜ್ಯೂಸ್ ಅಂಗಡಿಯ ಮಿಕ್ಸಿಯೂ ಮತ್ತೆ ಶುರುವಾಯಿತು. ಅದು ಅತ್ತೆಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಅಪ್ಪ ಮೈಕಿನ ಹತ್ತಿರ ಬಾಗಿ, "ಸಾಕು ಕಣಕ್ಕ. ಚೆನ್ನಾಗಿ ಕೇಳಿಸ್ತಿದೆ. ಮನೆಗೆ ಹೋಗೋಣ" ಅಂದರು.

ಅತ್ತೆ ತಲೆ ಎತ್ತಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದ್ಸಲ ಹೇಳು" ಅಂದರು.